ಕಾರಿನಲ್ಲಿ ಕುರ್ಚಿಗೆ ಜಾಗವಿಲ್ಲ

ಬೆಳಕು ಹರಿಯುವ ಮೊದಲೇ ಆಕೆ ಹಾಲು ಕಾಯಿಸಿ, ಮೊಟ್ಟೆ ಬೇಯಿಸಿ, ಅತ್ತೆಯ ಮಾತ್ರೆಗಳನ್ನು ಬೆಳಗಿನವು, ಸಂಜೆಯವು ಎಂದು ಬೇರೆ ಬೇರೆ ಪೊಟ್ಟಣ ಕಟ್ಟಿ, ಮಗಳ ಒಂಟಿ ಕಾಲುಚೀಲದ ಜೋಡಿಯನ್ನು ಮಂಚದಡಿಯಿಂದ ಎಳೆದು ತಂದು, ಗಿಡಗಳಿಗೆ ನೀರು ಹಾಕಿ, ಪಕ್ಕದ ಮನೆಗೆ ಬೀಗದ ಕೈ ಕೊಟ್ಟು (ನಿದ್ದೆಗೆಡಿಸಿದ್ದಕ್ಕೆ ಕ್ಷಮೆಯನ್ನೂ ಕೇಳಿ), ಅಕ್ಕಿ, ಎಣ್ಣೆ, ಉಪ್ಪು, ಬಾಣಲೆ, ಸೌಟು, ಪಾತ್ರೆ ತಿಕ್ಕುವ ನಾರು ಎಲ್ಲವನ್ನೂ ಕಾರಿನ ಡಿಕ್ಕಿಗೆ ತುಂಬಿ ಮುಗಿಸಿದ್ದಳು. ಇಷ್ಟೆಲ್ಲ ಏಕೆಂದರೆ, ಈ ವಾರಾಂತ್ಯ ಆಕೆಗೆ ವಿಶ್ರಾಂತಿ ಕೊಡಬೇಕೆಂದು ಮನೆಯ ಯಜಮಾನರು ತೀರ್ಮಾನಿಸಿದ್ದರು.

"ಸಣ್ಣ ಊರು, ಹಳೇ ಸಾಮಾನಿನ ಸಂತೆ, ಪಕ್ಕದಲ್ಲೇ ಬಯಲು, ಬಯಲಲ್ಲಿ ಟೆಂಟು. ನಿನಗೂ ಒಂಚೂರು ಆರಾಮ ಆಗುತ್ತೆ ಕಣೇ," ಎಂದು ಅವರು ಘೋಷಿಸಿದ್ದು ಸೋಫಾದ ಮೇಲೆ ಮಲಗಿಕೊಂಡು.

ಡಿಕ್ಕಿಯ ಸಾಮಾನಿನಲ್ಲಿ ಮುಖ್ಯವಾದದ್ದು ಪ್ರವಾಸದ ಒಲೆ. ಪುಟ್ಟ ಸಿಲಿಂಡರಿನ ಮೇಲೆ ಕೂತ ಒಂಟಿ ಒಲೆ. ಅದರ ತಿರುಗಿಸುವ ಗುಬುಟು ಮುರಿದು ಯಾವ ಕಾಲವಾಗಿತ್ತೋ. ಹೊಸದು ತನ್ನಿ ಎಂದಾಗಲೆಲ್ಲ "ಮುಂದಿನ ವಾರ" ಎಂಬ ಉತ್ತರ ಬರುತ್ತಿತ್ತು. ಮುಂದಿನ ವಾರವೆಂಬುದು ಬರುವ ಜಾತಿಯದಲ್ಲ ಎಂದು ತಿಳಿದ ಮೇಲೆ ಆಕೆ ಬಟ್ಟೆ ಒಣಗಿಸುವ ಮರದ ಕ್ಲಿಪ್ಪೊಂದನ್ನು ತಂತಿಯಿಂದ ಬಿಗಿದು ಗುಬುಟು ಮಾಡಿಕೊಂಡಿದ್ದಳು.

ಬಯಲು ತಲುಪಿದಾಗ ಯಜಮಾನರು ಮಡಿಸುವ ಕುರ್ಚಿಗಳನ್ನು ಇಳಿಸಿದರು. ತಮಗೊಂದು, ತಾಯಿಗೊಂದು, ಮಗಳಿಗೊಂದು.

"ನನಗೆ?"

"ನೀನು ಹೇಗೂ ಕೂರೋದೇ ಇಲ್ವಲ್ಲ," ಎಂದರು. ಇದರಲ್ಲಿ ಕುಹಕವೇನೂ ಇರಲಿಲ್ಲ. ಆಕಾಶ ನೀಲಿ ಎಂದು ಹೇಳುವ ಧಾಟಿಯಲ್ಲೇ ಹೇಳಿದ್ದರು.

ಟೆಂಟಿನ ಜೊತೆ ಅವರು ನಡೆಸಿದ ಮಹಾಸಮರದಲ್ಲಿ ಟೆಂಟೇ ಗೆದ್ದಿತು. ಕೊನೆಗೆ ಮಗಳು ಅದನ್ನು ನಿಲ್ಲಿಸಿದಳು. ಇತ್ತ ಒಲೆಯ ಮುಂದೆ ಅವಳಮ್ಮ ಕುಕ್ಕರುಗಾಲಲ್ಲಿ ಕೂತು ಅಡುಗೆ ಮಾಡಿದಳು, ಬಡಿಸಿದಳು, ತೊಳೆದಳು. ತೊಳೆಯುವಷ್ಟರಲ್ಲಿ ಚಹಾದ ಹೊತ್ತಾಯಿತು. ಮನೆಯಲ್ಲಿ ಇದೆಲ್ಲವನ್ನೂ ನಿಂತು ಮಾಡುತ್ತಿದ್ದಳು, ಇಲ್ಲಿ ಬಗ್ಗಿ ಮಾಡಿದಳು. ವಿಶ್ರಾಂತಿಯೆಂದರೆ ಇದೇ ಇರಬೇಕು.

ಸಂಜೆ ಎಲ್ಲರೂ ಸಂತೆಗೆ ಹೋದರು. ಬಾಗಿಲಿಲ್ಲದ ಕಪಾಟುಗಳು, ಕಪಾಟಿಲ್ಲದ ಬಾಗಿಲುಗಳು. ಒಂದು ಮೂಲೆಯಲ್ಲಿ ದಪ್ಪ ಕನ್ನಡಕದ ಮುದುಕಿಯೊಬ್ಬಳ ಅಂಗಡಿ. ಅಲ್ಲಿ ಬೆತ್ತದ ಕುರ್ಚಿಯೊಂದಿತ್ತು, ಅಗಲವಾದ ಕೈಗಳಿರುವಂಥದ್ದು.

"ನೋಡೋದಕ್ಕೇನು, ಕೂತ್ಕೋಮ್ಮ," ಎಂದಳು ಮುದುಕಿ.

ಆಕೆ ಕೂತಳು. ಬೆನ್ನು ಹಿಂದಕ್ಕೆ ಹೋಯಿತು, ಹೋದಲ್ಲಿ ಯಾರೋ ಕಾದು ನಿಂತಂತೆ ಬೆತ್ತ ಅದನ್ನು ಹಿಡಿದುಕೊಂಡಿತು. ಮನೆಯಲ್ಲಿ ಇಷ್ಟೊಂದು ಆಸನಗಳಿದ್ದರೂ ಯಾವುದಕ್ಕೂ ತನ್ನ ಬೆನ್ನಿನ ಪರಿಚಯವೇ ಇಲ್ಲವಲ್ಲ ಎಂದು ಆಕೆಗೆ ಆಗ ಹೊಳೆಯಿತು. ಈ ಕುರ್ಚಿ ತನಗೆ ಬೇಕು ಎನ್ನಿಸಿತು. ಏನಾದರೂ ಬೇಕು ಎನ್ನಿಸಿ ಎಷ್ಟು ದಿನವಾಗಿತ್ತೆಂದರೆ, ಮೊದಲು ಹಸಿವೆಯೇನೋ ಎಂದುಕೊಂಡಳು.

"ರೀ, ಇದನ್ನ ತಗೊಳ್ಳೋಣ."

"ಎಲ್ಲಿಡ್ತೀಯ? ಡಿಕ್ಕಿ ತುಂಬ ನಿನ್ನ ಅಡುಗೆಮನೆಯೇ ಇದೆ. ಕಾರಲ್ಲಿ ಜಾಗ ಇಲ್ಲ," ಎಂದರು ಯಜಮಾನರು, ತಾವು ಆಗತಾನೇ ಕೊಂಡ ಮಗಳೆತ್ತರದ ಗೋಡೆ ಗಡಿಯಾರವನ್ನು ಇನ್ನೊಂದು ಕಂಕುಳಿಗೆ ಬದಲಿಸುತ್ತ. ಗಡಿಯಾರಕ್ಕೆ ಮುಳ್ಳುಗಳಿರಲಿಲ್ಲ.

"ಅದಕ್ಕೆ ಜಾಗ ಇದೆಯಾ?"

"ಇದನ್ನ ಮೇಲೆ ಕಟ್ಟಬಹುದು. ಅದೂ ಇದೂ ಒಂದೇನಾ? ಮುಳ್ಳು ಮುಂದಿನ ವಾರ ಹಾಕಿಸ್ತೀನಿ."

ಮರುದಿನ ಬೆಳಿಗ್ಗೆ ಉಪಾಹಾರ ಮುಗಿಸಿ ಉಳಿದವರೆಲ್ಲ ಮತ್ತೆ ಸಂತೆಗೆ ಹೋದರು. ಆಕೆ ಪಾತ್ರೆಗಳನ್ನು ತಿಕ್ಕಿ, ಟೆಂಟಿನ ಮುಂದೆ ಹಳೆಯ ಚಾದರ ಹಾಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಒಣಗಲು ಇಟ್ಟಳು. ಸ್ವಲ್ಪ ಹೊತ್ತಿಗೆ ದಾರಿಹೋಕರೊಬ್ಬರು ನಿಂತರು.

"ಈ ಬಾಣಲೆ ಎಷ್ಟಕ್ಕೆ?"

"ಮಾರೋಕಲ್ಲ. ತೊಳೆದಿಟ್ಟಿರೋದು."

"ಹಾಗೇ ಹೇಳ್ತಾರೆ ಎಲ್ಲರೂ, ರೇಟು ಏರಿಸೋಕೆ," ಎಂದು ಅವರು ಬಾಣಲೆಯನ್ನು ಬೆರಳಿಂದ ತಟ್ಟಿ ನೋಡಿ ಹೋದರು. ಅವರ ಹಿಂದೆಯೇ ಇನ್ನೊಬ್ಬಾಕೆ ಬಂದು ಸೌಟನ್ನು ಎತ್ತಿ ನೋಡಿ, ಹೊಳಪು ಚೆನ್ನಾಗಿದೆ ಎಂದಳು. ಇಷ್ಟು ವರ್ಷ ತಿಕ್ಕಿದ ಪಾತ್ರೆಗೆ ಮೊದಲ ಬಾರಿ ಹೊಗಳಿಕೆ ಬಂದಿತ್ತು. ಅದೂ ಗಿರಾಕಿಯಿಂದ.

ಆಮೇಲೆ ಬಂದವಳು ಕುರ್ಚಿಯ ಮುದುಕಿ. ಅವಳ ಕನ್ನಡಕ ಒಲೆಯ ಮೇಲೆ ನಿಂತಿತು.

"ಇದನ್ನ ಕೊಡು, ಆ ಕುರ್ಚಿ ತಗೋ."

ಆಕೆ ಒಲೆಯನ್ನು ನೋಡಿದಳು. ಒಲೆ ಹೋದರೆ ಮಧ್ಯಾಹ್ನದ ಅಡುಗೆ ಇಲ್ಲ. ಮಧ್ಯಾಹ್ನದ ಅಡುಗೆ ಇಲ್ಲದಿದ್ದರೆ ಏನಾಗುತ್ತದೆಂದು ಯೋಚಿಸಿದಳು. ಸಂತೆಯಲ್ಲಿ ಬ್ರೆಡ್ಡು ಸಿಗುತ್ತದೆ. ಅದಕ್ಕಿಂತ ದೊಡ್ಡ ಅನಾಹುತವೇನೂ ಹೊಳೆಯಲಿಲ್ಲ. ಒಲೆ ಕೊಟ್ಟು, ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದು ಮರದ ನೆರಳಿಗಿಟ್ಟು ಕೂತಳು. ಯಾರೂ ಕರೆಯಲಿಲ್ಲ. ಕಣ್ಣು ಮುಚ್ಚಿದಳು.

"ಏಳು, ಏಳು, ಏನು ತಂದಿದ್ದೀನಿ ನೋಡು!"

ಯಜಮಾನರು ಎದುರಿಗಿದ್ದರು, ಕೈಯಲ್ಲಿ ಒಲೆ ಹಿಡಿದುಕೊಂಡು. ಮರದ ಕ್ಲಿಪ್ಪಿನ ಗುಬುಟಿನ ಒಲೆ.

"ಎಷ್ಟು ಚೌಕಾಸಿ ಮಾಡಿದೆ ಗೊತ್ತಾ. ನಿನಗೇ ಅಂತ ತಂದೆ. ಎರಡು ಒಲೆ ಇದ್ದರೆ ಒಂದರಲ್ಲಿ ಅನ್ನ, ಒಂದರಲ್ಲಿ ಚಹಾ, ನಿನಗೆ ಸಲೀಸು." ಆಮೇಲೆ ಕ್ಲಿಪ್ಪಿನ ಮೇಲೆ ಮೆಚ್ಚುಗೆಯಿಂದ ಬೆರಳಾಡಿಸಿದರು. "ಇದನ್ನ ನೋಡಿದೆಯಾ? ಗುಬುಟು ಹೋದರೆ ಏನು ಉಪಾಯ ಮಾಡಿದಾರೆ. ಯಾರೋ ತುಂಬ ಬುದ್ಧಿವಂತ."

ಆಕೆ ಅತ್ತೆಯ ಮುಖ ನೋಡಿದಳು. ಅತ್ತೆ ಒಲೆಯನ್ನು ನೋಡಿದರು, ಸೊಸೆಯನ್ನು ನೋಡಿದರು, ಕುರ್ಚಿಯನ್ನು ನೋಡಿದರು. ಸೊಸೆಯ ಯಾವ ತಪ್ಪನ್ನೂ ಇದುವರೆಗೆ ಹೇಳದೆ ಬಾಯಲ್ಲೇ ಇಟ್ಟುಕೊಂಡು ಗೊತ್ತಿಲ್ಲದ ಜೀವ ಅದು.

"ನಮ್ಮ ಹಳೇ ಒಲೆ ಕೊಟ್ಟು ಈ ಕುರ್ಚಿ ತಗೊಂಡೆ," ಎಂದಳು ಆಕೆ, ಇದ್ದದ್ದು ಇದ್ದ ಹಾಗೆ.

"ಒಳ್ಳೆ ಕೆಲಸ ಮಾಡಿದೆ. ಅದು ದರಿದ್ರ ಒಲೆ. ಇದು ನೋಡು, ಎಷ್ಟು ಗಟ್ಟಿ. ಹಚ್ಚು, ಒಂದು ಚಹಾ ಆಗಲಿ."

ಆಕೆ ಕುರ್ಚಿಯ ಕೈಗಳನ್ನು ಹಿಡಿದಳು. ಏಳಬೇಕೆಂದೇ ಹಿಡಿದದ್ದು. ಅಷ್ಟರಲ್ಲಿ ಅತ್ತೆ ಕೆಮ್ಮಿದರು.

"ನೀನೇ ಮಾಡೋ. ನಿನ್ನ ಒಲೆ ತಾನೇ. ನನಗೆ ಸಕ್ಕರೆ ಹಾಕಬೇಡ."

ಯಜಮಾನರು ಚಹಾ ಮಾಡಿದರು. ಚಹಾ ಎಂದು ಅವರೇ ಹೇಳಿದ್ದರಿಂದ ಎಲ್ಲರೂ ನಂಬಿ ಕುಡಿದರು.

ಹೊರಡುವ ಹೊತ್ತಾಯಿತು. ಅಪ್ಪ, ಮಗಳು, ಅಜ್ಜಿ ಮೂವರೂ ಆಚೆ ಬದಿಯಲ್ಲಿ ಟೆಂಟನ್ನು ಅದರ ಚೀಲಕ್ಕೆ ತುರುಕುವ ಪ್ರಯತ್ನದಲ್ಲಿದ್ದರು.

"ಕುರ್ಚಿಗೆ ಜಾಗ ಇದ್ದರೆ ಸರಿ, ಇಲ್ಲದಿದ್ದರೆ ಬಿಟ್ಟುಬಿಡು," ಎಂದು ಅಲ್ಲಿಂದಲೇ ಯಜಮಾನರ ಅಪ್ಪಣೆ ಬಂತು. ಡಿಕ್ಕಿ ತುಂಬುವುದು ಯಾವತ್ತೂ ಆಕೆಯದೇ ಕೆಲಸ. ಅಲ್ಲಿ ಏನು ಹೋಯಿತು, ಏನು ಉಳಿಯಿತು ಎಂದು ಈವರೆಗೆ ಯಾರೂ ಬಂದು ನೋಡಿದ್ದಿಲ್ಲ.

ಆಕೆ ಮೊದಲು ಕುರ್ಚಿಯನ್ನು ಇಟ್ಟಳು. ಅದರ ಕಾಲುಗಳ ನಡುವೆ ಪಾತ್ರೆಗಳು, ಮೇಲೆ ಹಾಸಿಗೆ ಹೊದಿಕೆಗಳು. ಕೊನೆಗೆ ಹುಲ್ಲಿನ ಮೇಲೆ ಒಲೆಯೊಂದೇ ಉಳಿಯಿತು. ಒತ್ತಿದರೆ ಅದಕ್ಕೂ ಜಾಗವಾಗುತ್ತಿತ್ತು. ಒತ್ತಿ ಒತ್ತಿ ಜಾಗ ಮಾಡುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ.

ಆಕೆ ಬಗ್ಗಿ, ತಂತಿ ಬಿಚ್ಚಿ, ಮರದ ಕ್ಲಿಪ್ಪನ್ನು ಮಾತ್ರ ಜೇಬಿಗೆ ಹಾಕಿಕೊಂಡಳು. ಡಿಕ್ಕಿಯ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು.