ಕಣದಲ್ಲಿ ಒಣಗಿದ ಕಂಪ್ಯೂಟರು

ಬೇರೆಯವ್ರ ಮನೆಗೆ ಒಂದು ಹೊಸ ಸಾಮಾನು ಬಂದ್ರೆ ಅದು ಸುಮ್ನೆ ಬಂದು ಒಂದು ಮೂಲೇಲಿ ಕೂತ್ಕೊಳತ್ತೆ. ನಮ್ಮನೆಗೆ ಮಿಕ್ಸಿ ಬಂದ್ರೂ ಅದ್ರ ಹಿಂದೆ ಒಂದು ಗಲಾಟೆ ಬಂದೇ ಬರತ್ತೆ. ಇನ್ನು ಕಂಪ್ಯೂಟರ್ ಬಂದ್ರೆ? ಅದೂ ಇಡೀ ಕಂಪ್ಯೂಟರಲ್ಲ, ಬಿಡಿಬಿಡಿಯಾಗಿ ತಂದು ನಾನೇ ಜೋಡಿಸ್ತೀನಿ ಅಂತ ಹಠ ಹಿಡಿದು ಕೂತ್ರೆ? ನೀವೇ ಯೋಚ್ನೆ ಮಾಡಿ!

ನಾನು ಬಾಳೂರು ಹತ್ರ ಒಂದು ಕಾಫಿ ಎಸ್ಟೇಟಿನ ಆಫೀಸಲ್ಲಿ ಹಾಜರಿ ಬರೆಯೋಳು. ಅಪ್ಪ ಅದೇ ಎಸ್ಟೇಟಲ್ಲಿ ಮಿಷನ್ ನೋಡ್ಕೊಳ್ಳೋರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್, ಪಂಪು, ಕಳೆ ಹೊಡೆಯೋ ಮಿಷನ್, ಎಲ್ಲ ಅವ್ರ ಕೈಲೇ. ಕೆಲ್ಸ ಬಿಟ್ಟ ಮೇಲೆ ನಂದು ಫೋನು, ಫೋನಲ್ಲಿ ಗೇಮು, ಅಷ್ಟೇ ಪ್ರಪಂಚ. ಕಳಸದಲ್ಲಿರೋ ನನ್ನ ಫ್ರೆಂಡು ನಾಲ್ಕು ಜನದ ಟೀಮ್ ಕಟ್ಟಿದ್ಳು, ಅವ್ಳೇ ಕ್ಯಾಪ್ಟನ್. ಅಷ್ಟೊತ್ತಿಗೆ ಒಂದು ಆನ್‌ಲೈನ್ ಪಂದ್ಯ ಬಂತು ನೋಡಿ. ರೂಲ್ಸ್ ಎರಡೇ. ಕಂಪ್ಯೂಟರಲ್ಲೇ ಆಡ್ಬೇಕು, ಆಡೋದನ್ನ ಮುಖ ಕಾಣೋ ಹಾಗೆ ಲೈವ್ ಬಿಡ್ಬೇಕು. ಮೂರು ಜನರ ಹತ್ರ ಕಂಪ್ಯೂಟರ್ ಇತ್ತು. ನನ್ನ ಹತ್ರ ಒಡೆದ ಗ್ಲಾಸಿನ ಫೋನು.

ಕ್ಯಾಪ್ಟನ್ ಕಡ್ಡಿ ಮುರಿದ ಹಾಗೆ ಹೇಳಿದ್ಳು. "ನೋಡು ಮಾರಾಯ್ತಿ, ಬರೋ ತಿಂಗ್ಳು ಮೊದ್ಲನೇ ಭಾನುವಾರ ಸಾಯಂಕಾಲ ನಾಲ್ಕಕ್ಕೆ ನೀನು ಲೈವ್ ಬಂದ್ರೆ ಜಾಗ ನಿಂದು. ಬರ್ಲಿಲ್ವಾ, ನನ್ನ ತಮ್ಮನ್ನ ಹಾಕ್ತೀನಿ."

ಅವ್ಳ ತಮ್ಮ ಹೇಗೆ ಅಂದ್ರೆ, ಗೇಮಲ್ಲಿ ಬಾಗ್ಲು ತೆಗೆಯೋಕೆ ಹೋಗಿ ನಮ್ಮ ಮೇಲೇ ಬಾಂಬ್ ಹಾಕೋನು. ಅವ್ನಿಗೆ ನನ್ನ ಜಾಗವಾ! ಆವತ್ತೇ ಶುರು ಹಚ್ಕೊಂಡೆ. ಕಡಿಮೆ ಬಜೆಟ್ಟು, ಹಾಗಾಗಿ ಅರ್ಧ ಹೊಸ್ದು, ಅರ್ಧ ಹಳೇದು.

ಬಸ್ಸಲ್ಲಿ ಬಂದ ಡಬ್ಬ

ಮೊದ್ಲು ಬಂದಿದ್ದು ಕ್ಯಾಬಿನೆಟ್ಟು, ಅಂದ್ರೆ ಕಂಪ್ಯೂಟರಿನ ಹೊರಗಿನ ಡಬ್ಬ. ಚಿಕ್ಕಮಗಳೂರಿನ ಅಂಗಡಿಯೋರು ಬಸ್ಸಿಗೆ ಹಾಕಿ, "ಒಂದು ಸೈಡು ಪೂರ್ತಿ ಗಾಜು, ಜೋಪಾನ" ಅಂತ ಕಂಡಕ್ಟ್ರಿಗೆ ನಾಲ್ಕು ಸಲ ಹೇಳಿದ್ರಂತೆ. ನಾಲ್ಕು ಸಲ ಹೇಳಿದ್ದೇ ತಪ್ಪಾಯ್ತು.

ನಾನು ಕೊಟ್ಟಿಗೆಹಾರದಲ್ಲಿ ಕಾಯ್ತಿದ್ದೆ, ಬಸ್ ಬಂದು ನಿಂತ್ಕೊಳ್ತು. ಕಂಡಕ್ಟ್ರು ಇಳಿದು ಸೀದಾ ಟೀ ಕುಡಿಯೋಕೆ ಹೋದ್ರು. ನಾನು ಹತ್ತಿ ನೋಡ್ತೀನಿ, ಮೂರನೇ ಸೀಟಲ್ಲಿ ಒಂದು ದೊಡ್ಡ ರಟ್ಟಿನ ಬಾಕ್ಸು, ಅದನ್ನ ತಬ್ಕೊಂಡಿರೋ ಎರಡು ಕೈ. ಮನುಷ್ಯರೇ ಕಾಣ್ತಿಲ್ಲ! ಬಗ್ಗಿ ನೋಡಿದ್ರೆ ಹಿಂದೆ ಒಬ್ರು ವಯಸ್ಸಾದ ಅಮ್ಮ.

"ಅಮ್ಮ, ಅದು ನಂದು."

"ನಿಂದು ಅಂತ ಯಾರು ಹೇಳಿದ್ದು? ನಂಗೆ ಕಂಡಕ್ಟ್ರು ಕೊಟ್ಟಿದ್ದು, ಕಂಡಕ್ಟ್ರಿಗೇ ಕೊಡೋದು. ಗಾಜಿನ ಸಾಮಾನು, ಮಡಿಲಲ್ಲಿ ಇಟ್ಕೊಳಿ ಅಂದಿದಾರೆ."

"ಅದಕ್ಕೆ ವಾರಸುದಾರ್ಳು ನಾನೇ ಅಮ್ಮ!"

ಬಸ್ಸಿಗೆ ಬಸ್ಸೇ ಕೋರ್ಟಾಗಿ ಹೋಯ್ತು. ಹಿಂದಿನ ಸೀಟಿಂದ ಒಬ್ರು, "ಒಳಗೇನಿದೆ ಅಂತ ಕೇಳಿ, ನಿಜವಾದೋರಾದ್ರೆ ಹೇಳ್ತಾರೆ" ಅಂತ ತೀರ್ಪು ಕೊಟ್ರು. ಅಮ್ಮ ಕೇಳಿದ್ರು, "ಹೇಳು ನೋಡಣ, ಒಳಗೇನಿದೆ?"

ನಾನು ಇದ್ದಿದ್ದು ಇದ್ದ ಹಾಗೆ ಹೇಳ್ದೆ. "ಒಳಗೆ ಏನೂ ಇಲ್ಲ ಅಮ್ಮ. ಖಾಲಿ. ಏನಿದ್ರೂ ಇನ್ಮೇಲೆ ನಾನೇ ತುಂಬ್ಬೇಕು."

ಅಮ್ಮ ಬಾಕ್ಸ್ ನನ್ನ ಕಡೆ ದಬ್ಬಿ ಇಡೀ ಬಸ್ಸಿಗೆ ಕೇಳೋ ಹಾಗೆ ಅಂದ್ರು, "ಕೈ ಜೋಮು ಹಿಡಿದ್ರೂ ಬಿಡ್ದೆ ಮೂಡಿಗೆರೆಯಿಂದ ಒಂದು ಖಾಲಿ ಡಬ್ಬ ಹೊತ್ಕೊಂಡು ಬಂದ್ನಲ್ಲ, ನಂಗೇನು ಬಂದಿತ್ತು!"

ಹಸೀದಾ, ಒಣಗಿದ್ದಾ?

ಪ್ರೊಸೆಸರ್ ಅಂತ ಒಂದು ಬಿಸ್ಕತ್ತಿನಷ್ಟಿರೋ ಸಾಮಾನಿದೆ. ಅದು ಬಿಸಿಯಾಗತ್ತೆ. ಅದ್ರ ತಲೆ ಮೇಲೆ ಫ್ಯಾನ್ ಕೂರಿಸೋಕೆ ಮುಂಚೆ ಮಧ್ಯ ಒಂಚೂರು ಪೇಸ್ಟ್ ಹಾಕ್ಬೇಕು. ವಿಡಿಯೋದಲ್ಲಿ ಬಟಾಣಿಯಷ್ಟು ಅಂದ್ರು, ಇನ್ನೊಂದು ವಿಡಿಯೋದಲ್ಲಿ ಅದಕ್ಕಿಂತ ಕಮ್ಮಿ ಅಂದ್ರು. ನಾನು ಲೆಕ್ಕ ಹಾಕಿ ಅಪ್ಪಂಗೆ ಹೇಳ್ದೆ, "ಒಂದು ಮೆಣಸಿನ ಕಾಳಷ್ಟು ಹಾಕಿದ್ರೆ ಸರಿ ಅಪ್ಪಾ."

ಟ್ಯೂಬ್ ಹಿಡ್ಕೊಂಡಿದ್ದ ಅಪ್ಪ ತಲೆ ಎತ್ತಿದ್ರು. "ಹಸೀದಾ, ಒಣಗಿದ್ದಾ?"

ಹೌದಲ್ಲ! ಹಸೀದು ದಪ್ಪ, ಒಣಗಿದ್ದು ಸಣ್ಣ. ಅದನ್ನ ವಿಡಿಯೋದೋರು ಹೇಳೇ ಇಲ್ಲ.

ಒಳಗಿಂದ ಅಜ್ಜಿ ಕೂಗಿದ್ರು, "ಯಾವ ಬಳ್ಳಿದು ಅಂತ ಕೇಳು. ಕೆರೆ ಪಕ್ಕದ ಬಳ್ಳಿದಾದ್ರೆ ಒಣಗಿದ್ರೂ ದಪ್ಪನೇ."

ಅಮ್ಮ ಒಂದು ತಟ್ಟೇಲಿ ಮೂರು ತರದ ಮೆಣಸು ತಂದು ಮುಂದಿಟ್ರು. ಮನೆಯೋರೆಲ್ಲ ಅರ್ಧ ಗಂಟೆ ಚರ್ಚೆ ಮಾಡಿ ಒಂದು ಕಾಳು ಪಾಸ್ ಮಾಡಿದ್ರು. ಅದ್ರ ಪಕ್ಕ ಇಟ್ಟು ಅಳತೆ ನೋಡಿ ಪೇಸ್ಟ್ ಹಾಕಿದ್ದಾಯ್ತು. ಅಬ್ಬ ಅಂತ ಸ್ಕ್ರೂ ತರೋಕೆ ಎದ್ದು ಹೋಗಿ ತಿರುಗಿ ನೋಡ್ತೀನಿ, ಅಪ್ಪ ಪಲ್ಪರಿಗೆ ಹಾಕೋ ಗ್ರೀಸ್ ಡಬ್ಬದಲ್ಲಿ ನಾಲ್ಕೂ ಬೆರಳು ಅದ್ದಿ ಕೂತಿದಾರೆ!

"ಅಪ್ಪಾ, ಅಯ್ಯಯ್ಯೋ, ಬೇಡ!"

"ಇಷ್ಟು ದೊಡ್ಡ ಮಿಷನ್ನಿಗೆ ಒಂದು ಕಾಳು ಮೆಣಸಷ್ಟು ಎಲ್ಲಿ ಸಾಲತ್ತೆ ಮಗಾ? ಒಂದು ಕೈ ಬಳಿದ್ರೆ ವರ್ಷ ನೋಡೋದೇ ಬೇಡ."

"ಅಪ್ಪಾ, ಇದು ತಿರುಗೋ ಸಾಮಾನೇ ಅಲ್ಲ!"

ಅಪ್ಪ ಬೇಜಾರಲ್ಲಿ ಕೈ ಒರೆಸ್ಕೊಂಡು ಎದ್ರು. "ತಿರುಗಲ್ಲ, ಹೊಗೆ ಬಿಡಲ್ಲ, ಡೀಸೆಲ್ ಕುಡಿಯಲ್ಲ. ಇದನ್ನ ಮಿಷನ್ ಅಂತ ನನ್ನ ಹತ್ರ ಹಿಡ್ಕೊಂಡು ಬರ್ತಾಳೆ."

ಥಂಡಿ

ಎಲ್ಲ ಜೋಡಿಸಿ ಗುಂಡಿ ಒತ್ತಿದೆ. ಫ್ಯಾನ್ ತಿರುಗ್ತು, ಬಣ್ಣಬಣ್ಣದ ಲೈಟ್ ಬಂತು, ಎಸ್ಟೇಟ್ ಕೆಲ್ಸದೋರ ಲೈನು ಮನೆಯ ಮಕ್ಕಳೆಲ್ಲ ಹೋ ಅಂದ್ವು. ಆದ್ರೆ ಸ್ಕ್ರೀನು ಮಾತ್ರ ಕಪ್ಪು. ಭಾನುವಾರಕ್ಕೆ ಇನ್ನು ಒಂದೇ ವಾರ!

ಆಮೇಲೆ ಸಲಹೆಗಳ ಮೆರವಣಿಗೆ ಶುರುವಾಯ್ತು. ಜೀಪ್ ಡ್ರೈವರ್ ಅಣ್ಣ ಬಂದು, "ಬ್ಯಾಟ್ರಿ ಡೌನು, ಇಳಿಜಾರಲ್ಲಿ ಬಿಟ್ಟು ನೋಡಿ" ಅಂದ್ರು. ಕೊನೆಗೆ ಬಂದ್ರು ಕಣದ ಮಾವ. ಎಸ್ಟೇಟಿನ ಕಣದಲ್ಲಿ ಕಾಫಿ ಒಣಗಿಸೋದು ಅವ್ರೇ, ಮೂವತ್ತು ವರ್ಷದ ಅನುಭವ. ರ‍್ಯಾಮ್ ಅಂತ ಇರತ್ತಲ್ಲ, ಬಾಚಣಿಗೆ ತರ ಉದ್ದಕ್ಕೆ ಇರೋ ಎರಡು ಪಟ್ಟಿ, ಅದನ್ನ ತೆಗೆಸಿ, ಕೈಯಲ್ಲಿ ಹಿಡ್ದು, ಕಿವಿ ಹತ್ರ ಅಲ್ಲಾಡ್ಸಿ, ಮೂಸಿ ನೋಡಿ ಹೇಳಿದ್ರು, "ಥಂಡಿ ಹಿಡ್ದಿದೆ. ಎರಡು ಬಿಸಿಲು ಬೇಕು."

ನಂಗೆ ಬೇರೆ ದಾರಿ ಏನಿತ್ತು? ಕೊಟ್ಟೆ. ಮಾವ ಅದನ್ನ ಒಂದು ಬಟ್ಟೆ ಮೇಲೆ ಇಟ್ಟು, ಸಿಪ್ಪೆ ಸುಲಿದು ತೊಳೆದು ಒಣಗ್ತಿರೋ ಪಾರ್ಚ್‌ಮೆಂಟ್ ಕಾಫಿ ಪಕ್ಕ ಹರಡಿದ್ರು. ಕಾಫಿಗೆ ಕೈಯಾಡ್ಸೋವಾಗೆಲ್ಲ ಅದನ್ನೂ ಮಗುಚಿ ಹಾಕಿದ್ರಂತೆ, ಪಾಪ. ಆದ್ರೆ ಸಾಯಂಕಾಲ ಆದ ಕೂಡ್ಲೆ ಕಣದಲ್ಲಿ ಏನು ಮಾಡ್ತಾರೆ? ಇಬ್ಬನಿ ಬೀಳೋಕೆ ಮುಂಚೆ ಎಲ್ಲ ಬಾಚಿ, ರಾಶಿ ಮಾಡಿ, ಟಾರ್ಪಲ್ ಮುಚ್ತಾರೆ. ಮೂವತ್ತು ವರ್ಷದ ಕೈ, ಯೋಚ್ನೆ ಮಾಡ್ದೆ ಬಾಚ್ತು. ಬಾಚಿದ್ರಲ್ಲಿ ನನ್ನ ರ‍್ಯಾಮೂ ಹೋಯ್ತು!

ಮಾರನೇ ದಿನ ಬೆಳಿಗ್ಗೆ ಹಾಜರಿ ಕೂಗಬೇಕಾಗಿದ್ದ ನಾನು ಕಣದಲ್ಲಿ ಮಂಡಿ ಊರಿದ್ದೆ. ನನ್ನ ಜೊತೆ ಹತ್ತು ಜನ. ದಾರೀಲಿ ಹೋಗೋರೆಲ್ಲ, "ಏನು ಚಿನ್ನ ಕಳ್ಕೊಂಡ್ಯೇನೇ?" ಅಂತ ಕೇಳ್ತಿದ್ರು. ಒಂದು ಪಟ್ಟಿ ಬೇಗ ಸಿಕ್ತು. ಇನ್ನೊಂದು ಸಿಗೋವಾಗ ಬಿಸಿಲು ನೆತ್ತಿ ಮೇಲೆ.

ಉಫ್ ಅಂತ ಧೂಳು ಊದಿ, ಕಚ್ ಅಂತ ಸದ್ದು ಬರೋ ಹಾಗೆ ಒತ್ತಿ ಕೂರಿಸ್ದೆ. ಗುಂಡಿ ಒತ್ತಿದೆ. ಸ್ಕ್ರೀನ್ ಬಂತು! ವಿಷ್ಯ ಇಷ್ಟೇ, ಮೊದ್ಲು ನಾನು ಸರಿಯಾಗಿ ಒತ್ತೇ ಇರ್ಲಿಲ್ಲ. ಆದ್ರೆ ಅದನ್ನ ಮಾವಂಗೆ ಹೇಳೋರು ಯಾರು? ಈಗ ಎಸ್ಟೇಟಲ್ಲಿ ಯಾರ ಫೋನ್ ಕೆಟ್ರೂ ಅವ್ರು ಕೇಳೋದು ಒಂದೇ ಮಾತು, "ಕಣಕ್ಕೆ ತಂದಿದ್ಯಾ?"

ಸತ್ತ ವೈರು

ಇದು ಸಣ್ಣದು. ಶುಕ್ರವಾರ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಇಂಟರ್‌ನೆಟ್ ಹೋಯ್ತು. ನಮ್ಮಲ್ಲಿ ಇಂಟರ್‌ನೆಟ್ ವೈರು ಬರೋದು ಮರದಿಂದ ಮರಕ್ಕೆ. ನೋಡ್ಕೊಂಡು ಹೋದ್ರೆ ಕೊಯ್ಲು ಮುಗ್ದಿರೋ ಕಡೆ ಮರಗಸಿ ನಡೀತಿದೆ, ಅಂದ್ರೆ ಗಿಡಕ್ಕೆ ಬಿಸಿಲು ಬೀಳ್ಲಿ ಅಂತ ನೆರಳು ಮರದ ಕೊಂಬೆ ಕಡಿಯೋದು. ಮರದ ತುದೀಲಿ ಒಬ್ಬ ಅಣ್ಣ, ಕೈಯಲ್ಲಿ ಕತ್ತಿ, ಕೆಳಗೆ ನನ್ನ ವೈರು ಎರಡು ತುಂಡು.

"ಅಣ್ಣಾ, ವೈರ್ ಯಾಕೆ ಕಡಿದ್ರಿ?"

"ಮುಟ್ಟಿ ನೋಡ್ದೆ ತಂಗಿ, ಶಾಕ್ ಹೊಡೀಲಿಲ್ಲ. ಸತ್ತಿರೋ ವೈರು ಅಂತ ತೆಗ್ದೆ."

"ಅದು ಬೆಳಕಲ್ಲಿ ಓಡೋ ವೈರು, ಶಾಕ್ ಹೊಡಿಯಲ್ಲ!"

ಅವ್ರು ಕೊಂಬೆ ಮೇಲೆ ಸರಿಯಾಗಿ ಕೂತ್ಕೊಂಡು ಅಂದ್ರು, "ಬೆಳಕಲ್ಲಿ ಓಡೋದಾದ್ರೆ ನಂಗೆ ಬೈಯಬೇಡ. ಬೆಳಕು ಬರ್ಲಿ ಅಂತಾನೇ ನಾನು ಕಡೀತಿರೋದು."

ಲೈವ್

ಶನಿವಾರ ವೈರು ಸರಿಯಾಯ್ತು. ಭಾನುವಾರ ಮೂರೂ ಮುಕ್ಕಾಲಿಗೆ ನಾನು ತಲೆ ಬಾಚ್ಕೊಂಡು ಕ್ಯಾಮೆರಾ ಮುಂದೆ ರೆಡಿ. ಹೆಡ್‌ಫೋನಿಗೆ ಬಜೆಟ್ ಸಾಲದೆ ಅಪ್ಪನ ಹಳೇ ಸ್ಪೀಕರ್, ಒಂದು ಸಣ್ಣ ಮೈಕು ಹಾಕಿದ್ದೆ. ನಾಲ್ಕಕ್ಕೆ ಸರಿಯಾಗಿ ಲೈವ್ ಬಿಟ್ಟೆ. ಬಂತು ಮಾರಾಯ್ರೆ! ಸ್ಪೀಕರಲ್ಲಿ ಕ್ಯಾಪ್ಟನ್, "ಕಾಣ್ತಿದ್ಯ, ಜಾಗ ನಿಂದು. ಪಂದ್ಯ ಮುಗಿಯೋವರೆಗೂ ಲೈವ್ ಕಟ್ಟಾಗ್ಬಾರ್ದು, ಕಟ್ಟಾದ್ರೆ ಇಡೀ ಟೀಮ್ ಔಟು" ಅಂದ್ಳು.

ಪಂದ್ಯ ಶುರು. ಮೂಲೇಲಿ ನೋಡೋರ ಸಂಖ್ಯೆ ಬರತ್ತಲ್ಲ, ಅದು ಐದು. ಹನ್ನೆರಡು. ಇಪ್ಪತ್ತು. ಮೂವತ್ತೊಂದು! ಮೊದಲನೇ ದಿನವೇ ಮೂವತ್ತೊಂದು ಜನ! ನಾನು ಆಡ್ತಾ ಆಡ್ತಾ, "ನಮಸ್ಕಾರ, ಎಲ್ಲೆಲ್ಲಿಂದ ನೋಡ್ತಿದೀರಾ ಹೇಳಿ" ಅಂತ ಸ್ಟೈಲಾಗಿ ಕೇಳ್ದೆ.

ಅಷ್ಟೊತ್ತಿಗೆ ಗೇಮು ತಡವರಿಸೋಕೆ ಶುರು. ನನ್ನ ಆಟಗಾರ ಒಂದು ಹೆಜ್ಜೆ ಇಟ್ಟು ನಿಲ್ತಾನೆ, ಒಂದು ಹೆಜ್ಜೆ ಇಟ್ಟು ನಿಲ್ತಾನೆ. "ಏನೇ ಅದು, ನಿನ್ನ ನೆಟ್ಟು ಸಾಯ್ತಿದೆ!" ಕ್ಯಾಪ್ಟನ್ ಕಿರುಚಿದ್ಳು. ಯಾಕಪ್ಪ ಅಂತ ಕಿಟಕಿಯಿಂದ ಬಗ್ಗಿ ನೋಡ್ತೀನಿ. ಮೂವತ್ತೊಂದು ಜನವೂ ನಮ್ಮ ಜಗುಲಿ ಮೇಲೆ! ಲೈನು ಮನೇಲಿ ಸಿಗ್ನಲ್ ಬರಲ್ಲ ಅಂತ ನಾನೇ ವೈಫೈ ಪಾಸ್‌ವರ್ಡ್ ಹಂಚಿದ್ದೆ. ಎಲ್ರೂ ಸಾಲಾಗಿ ಕೂತು, ಒಬ್ಬೊಬ್ರೂ ಅವ್ರವ್ರ ಫೋನಲ್ಲಿ, ಗೋಡೆ ಆಚೆ ಇರೋ ನನ್ನನ್ನ ನೋಡ್ತಿದಾರೆ.

"ಎಲ್ರೂ ವೈಫೈ ಆಫ್ ಮಾಡಿ!" ಗಂಟಲು ಹರಿಯೋ ಹಾಗೆ ಕೂಗ್ದೆ.

ಹೊರಗಿಂದ ಅಜ್ಜಿ ಧ್ವನಿ. "ಶ್! ಗಲಾಟೆ ಮಾಡ್ಬೇಡಿ. ಅವ್ಳೇನೋ ಹೇಳ್ತಿದಾಳೆ, ಫೋನಲ್ಲಿ ಬರ್ಲಿ ಕೇಳಣ."

ಲೈವ್ ಅಂದ್ರೆ ಇಪ್ಪತ್ತು ಸೆಕೆಂಡು ತಡ. ಆ ಇಪ್ಪತ್ತು ಸೆಕೆಂಡು ಮೂವತ್ತೊಂದು ಜನ ಉಸಿರು ಬಿಗಿ ಹಿಡಿದು ಕಾದ್ರು, ನನ್ನ ಆಟಗಾರ ಒಂದೇ ಕಾಲಲ್ಲಿ ನಿಂತಿದ್ದ. ಫೋನಲ್ಲಿ ನನ್ನ ಕೂಗು ಬಂದ ಮೇಲೆ, "ಓ, ಆಫ್ ಮಾಡ್ಬೇಕಂತೆ" ಅಂತ ಎಲ್ರೂ ಆಫ್ ಮಾಡಿದ್ರು. ನೆಟ್ಟು ಸರಿಹೋಯ್ತು. ನೋಡೋರು ಒಬ್ರೂ ಇಲ್ಲ. ಹೋಗ್ಲಿ ಬಿಡಿ.

ಆದ್ರೆ ಫೋನಲ್ಲಿ ನೋಡೋ ಹಾಗಿಲ್ಲ ಅಂದ್ರೆ ಏನು ಮಾಡ್ತಾರೆ? ಒಳಗೇ ಬಂದ್ರು! ಅಜ್ಜಿ ಸ್ಟೂಲ್ ಹಾಕ್ಕೊಂಡು ನನ್ನ ಪಕ್ಕ, ಹಿಂದೆ ಅಪ್ಪ ಅಮ್ಮ, ಕಣದ ಮಾವ, ಡ್ರೈವರ್ ಅಣ್ಣ, ಗಿಡ್ಡ ಇರೋರು ಮುಂದೆ, ಎತ್ತರ ಇರೋರು ಹಿಂದೆ. ಕ್ಯಾಮೆರಾ ಇದೆ ಅಂತ ಯಾರೂ ಅಲ್ಲಾಡ್ತಿಲ್ಲ, ನಗ್ತಿಲ್ಲ. ಇಸ್ಕೂಲಿನ ಗ್ರೂಪ್ ಫೋಟೋನೇ.

ಆಗ ಸ್ಪೀಕರಲ್ಲಿ ಒಂದು ಹೊಸ ಗಂಡಸಿನ ಧ್ವನಿ. ಪಂದ್ಯ ನಡೆಸೋರ ಕಡೆ ಹುಡುಗ, ಲೈವ್ ಚೆಕ್ ಮಾಡೋಕೆ ಬಂದೋನು, ಭಾರೀ ಗತ್ತು. "ಹಲೋ, ಆಟಗಾರರ ಹಿಂದೆ ಜನ ನಿಲ್ಲೋ ಹಾಗಿಲ್ಲ. ಯಾರವ್ರು? ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ ಟೀಮ್ ಔಟ್ ಮಾಡ್ತೀನಿ."

ಗೇಮಲ್ಲಿ ಶತ್ರುಗಳು ನನ್ನ ಮುಂದೆ, ಕೈ ಬಿಡೋ ಹಾಗಿಲ್ಲ. ಅಷ್ಟರಲ್ಲಿ ಅಜ್ಜಿ ಮೈಕಿಗೆ ಬಾಯಿ ಹಚ್ಚಿ ಅಂದ್ರು, "ನಾವು ಮನೆಯವ್ರು ಮಾರಾಯ. ನೀನು ಯಾರ ಮನೆ ಹುಡುಗ?"

ಸ್ಪೀಕರಲ್ಲಿ ಗತ್ತೆಲ್ಲ ಇಳಿದ ಒಂದು ಸಣ್ಣ ಧ್ವನಿ. "ಕೊಪ್ಪದ ಹತ್ರ ಅಜ್ಜಿ."

"ಕೊಪ್ಪದ ಹತ್ರ ಅಂದ್ರೆ? ಬಸ್ ಸ್ಟ್ಯಾಂಡಿಂದ ಮೇಲಾ, ಕೆಳಗಾ?"

"ಕೆಳಗೆ ಅಜ್ಜಿ."

"ಅಮ್ಮನ ತವರು ಯಾವ ಕಡೆ?"

ನಾನು ಸುಮ್ನೆ ಆಡ್ತಾ ಹೋದೆ. ಔಟ್ ಮಾಡ್ಬೇಕಾದೋನು ಅಲ್ಲಿ ವಂಶಾವಳಿ ಒಪ್ಪಿಸ್ತಿದಾನೆ, ಇನ್ನು ನಮ್ಮನ್ನ ಔಟ್ ಮಾಡೋರು ಯಾರು? ಮೊದಲ ಹತ್ತು ಟೀಮಿಗೆ ಮುಂದಿನ ಸುತ್ತು. ನಾವು ಒಂಬತ್ತನೇದು! ಕ್ಯಾಪ್ಟನ್ ಆಚೆಯಿಂದ ಕೂಗ್ತಾಳೆ, ಲೈನಿನವ್ರೆಲ್ಲ ಕುಣೀತಿದಾರೆ, ನಾನು ಕುರ್ಚಿ ಮೇಲೆ ಹಾರಿ ನಿಂತು, "ಅಜ್ಜೀ, ಗೆದ್ವಿ! ನನ್ನ ಜಾಗ ಉಳೀತು!" ಅಂತ ಕಿರುಚಿದೆ.

ಅಜ್ಜಿ ಮೈಕಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ಕಣ್ಣು ಬಿಟ್ರು. "ಸ್ವಲ್ಪ ಸುಮ್ನಿರೇ ಮಾರಾಯ್ತಿ. ಇವ್ನ ಅಮ್ಮ ನಮಗೆ ಸಂಬಂಧ ಆಗ್ಬೇಕು, ಹೇಗೆ ಅಂತ ನೋಡ್ತಿದೀನಿ."