ಮೊಲಗಳ ಚಳಿಗಾಲ, ನನ್ನ ಉಸ್ತುವಾರಿ

ಚಳಿಯ ವಿಷಯದಲ್ಲಿ ಬಳ್ಳಾರಿಯವರ ಮಾತನ್ನು ಯಾರೂ ನಂಬಬಾರದು. ನಮ್ಮೂರಿಗಿರುವುದು ಎರಡೇ ಕಾಲ: ಬೇಸಿಗೆ ಮತ್ತು ಕಡುಬೇಸಿಗೆ. ಡಿಸೆಂಬರಿನಲ್ಲಿ ನಲ್ಲಿಯ ನೀರು ತುಸು ತಣ್ಣಗಾದರೆ ಸಾಕು, ನಮ್ಮಪ್ಪ ಕಿವಿಗೆ ಮಫ್ಲರ್ ಸುತ್ತಿಕೊಂಡು "ಈ ಸಲ ಥಂಡಿ ಭಾಳ ಐತಿ" ಎಂದು ಬೀದಿಗೆಲ್ಲ ಸಾರುತ್ತಿದ್ದರು. ಅಂಥ ವಂಶದ ಕುಡಿಯಾದ ನಾನು, ಅಮೆರಿಕದಂತೆ ನಾವೂ ಗ್ರೀನ್ ಕಾರ್ಡ್ ಕೊಡುತ್ತೇವೆ ಬನ್ನಿ ಎಂದು ಜರ್ಮನಿ ಕಂಪ್ಯೂಟರ್ ಬಲ್ಲವರನ್ನು ಕರೆದ ವರ್ಷಗಳಲ್ಲಿ, ಹೆಂಡತಿ ಸುಜಾತಾ ಮತ್ತು ಐದು ವರ್ಷದ ಮಗಳು ಮೇಘನಾಳನ್ನು ಕಟ್ಟಿಕೊಂಡು ಸ್ಟುಟ್‌ಗಾರ್ಟಿನಲ್ಲಿ ಇಳಿದೆ. ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ ಹೇಗೋ ನಡೆಯುತ್ತಿತ್ತು. ನಡೆಯದೆ ನಿಂತಿದ್ದು ಮಗಳ ಮಾತು. ಊರಿನಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದ ಹುಡುಗಿ ಕಿಂಡರ್‌ಗಾರ್ಟನ್ನಿನಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚಲಿಲ್ಲ. ಮನೆಗೆ ಬಂದು ಗೋಡೆ ನೋಡುತ್ತಾ ಕೂರುತ್ತಿದ್ದಳು.

ಇದನ್ನು ನಮಗಿಂತ ಮೊದಲು ಗಮನಿಸಿದವರು ಕೆಳಗಿನ ಮನೆಯಲ್ಲಿದ್ದ ನಮ್ಮ ಮನೆಯೊಡತಿ ಫ್ರೌ ಕ್ಲೈನ್, ಅಂದರೆ ಶ್ರೀಮತಿ ಕ್ಲೈನ್. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಮಾತು ಸುತ್ತಿಗೆ ಏಟಿನಂತೆ, ಮನಸ್ಸು ಬೆಣ್ಣೆ. ಜೂನ್ ತಿಂಗಳ ಒಂದು ದಿನ ಹಳ್ಳಿಯಲ್ಲಿರುವ ತಂಗಿಯ ಮನೆಯಿಂದ ಎರಡು ಮೊಲ ತಂದು, ಕಾಲುಗಳ ಮೇಲೆ ನಿಂತ ಮರದ ಗೂಡಿನ ಸಮೇತ ತೋಟದಲ್ಲಿಟ್ಟರು. ಮೊಲ ಮನೆಯೊಳಗೆ ಬರಕೂಡದು, ವರ್ಷಪೂರ್ತಿ ಹೊರಗೇ ಇರಬೇಕು, ಬೇಸಿಗೆಯಿಂದಲೇ ಹೊರಗಿದ್ದರೆ ಚಳಿಗೆ ತಕ್ಕಂತೆ ತುಪ್ಪಳ ಬೆಳೆಸಿಕೊಳ್ಳುತ್ತವೆ ಎಂದರು. "ಹೊರಗೆ ನೀರು ಮೊದಲ ಸಲ ಹೆಪ್ಪುಗಟ್ಟಿದ ದಿನ ಬಂದು ಗೂಡು ನೋಡುತ್ತೇನೆ. ಸರಿಯಿಲ್ಲದಿದ್ದರೆ ವಾಪಸ್ಸು ತಂಗಿಯ ಮನೆಗೆ" ಎಂಬ ಷರತ್ತನ್ನೂ ಹಾಕಿದರು.

ಮೇಘನಾ ಬಿಳಿಯದಕ್ಕೆ ಬೆಣ್ಣೆ, ಕಂದು ಬಣ್ಣದ್ದಕ್ಕೆ ಬೆಲ್ಲ ಎಂದು ಹೆಸರಿಟ್ಟಳು. ಮೊಲ ನೋಡಲು ಅಕ್ಕಪಕ್ಕದ ಮಕ್ಕಳು ಬೇಲಿ ಹಾರಿ ಬಂದರು. ಅವರಿಗೆ "ಬೆಲ್ಲ" ಅನ್ನಲು ಕಲಿಸುತ್ತಾ ಕಲಿಸುತ್ತಾ ಇವಳು ಜರ್ಮನ್ ಕಲಿತಳು. ಸೆಪ್ಟೆಂಬರ್ ಹೊತ್ತಿಗೆ ನನ್ನ ಉಚ್ಚಾರಣೆ ತಿದ್ದುವಷ್ಟು ಮುಂದುವರಿದಿದ್ದಳು. ಹಾಗಾಗಿ ಆ ಮೊಲಗಳು ವಾಪಸ್ಸು ಹೋಗುವುದೆಂದರೆ ನಮ್ಮ ಹುಡುಗಿಯ ಮಾತೂ ಅವುಗಳ ಹಿಂದೆಯೇ ಹೋದಂತೆ. ಈ ಭಯದಲ್ಲೇ ನಾನು ಚಳಿಗಾಲದ ಸಿದ್ಧತೆಗೆ ಸೊಂಟ ಕಟ್ಟಿದೆ.

"ಬಟ್ಟೆ ಮ್ಯಾಲೆ ಬಟ್ಟೆ ಹಾಕ್ಕೊಂಡ್ರೂ ನಾವು ನಡುಗಾಕತ್ತೀವಿ, ಪಾಪ ಮೂಕಪ್ರಾಣಿ ಹೊರಗ ಹೆಂಗ ಮಲಗ್ತಾವ್ರೀ?" ಎಂದು ಸುಜಾತಾ ಅತ್ತಳು. ಅಳು ನೋಡಲಾರದೆ ಗೂಡಿನ ಸಂದುಗೊಂದುಗಳಿಗೆಲ್ಲ ಟೇಪು ಮೆತ್ತಿದೆ. ಜಾಲರಿಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಮ್ಮವ್ವ ಕೈಯಾರೆ ಹೊಲಿದು ಕಳಿಸಿದ ಕೌದಿ. ಸೂಜಿ ತೂರುವಷ್ಟು ಜಾಗ ಬಿಡಲಿಲ್ಲ. ನಮ್ಮ ಮನೆಯನ್ನೂ ನಾನು ಇಟ್ಟುಕೊಂಡಿದ್ದು ಹೀಗೆಯೇ. ಅಕ್ಟೋಬರಿನಲ್ಲಿ ಮುಚ್ಚಿದ ಕಿಟಕಿ ತೆರೆಯುವುದು ಯುಗಾದಿಗೆ. ಒಳಗೇ ಕುಕ್ಕರಿನ ಹಬೆ, ಒಳಗೇ ಒಣಗುವ ಬಟ್ಟೆ. ಫ್ರೌ ಕ್ಲೈನ್ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ "ಲ್ಯುಫ್ಟನ್! ಲ್ಯುಫ್ಟನ್!" ಎಂದು ಕೂಗುತ್ತಿದ್ದರು. ಬೆಳಿಗ್ಗೆ ಸಂಜೆ ಕಿಟಕಿ ಪೂರ್ತಿ ತೆರೆದು ಗಾಳಿ ಆಡಿಸಿ ಎಂದರ್ಥ. ಹಲ್ಲು ಕಟಕಟಿಸುವ ಕಾಲದಲ್ಲಿ ಕಿಟಕಿ ತೆರೆಯುವುದೇ? ಪಾಪ, ವಯಸ್ಸಾಗಿದೆ ಎಂದುಕೊಂಡು "ಯಾ, ಯಾ" ಎನ್ನುತ್ತಾ ಮೇಲೆ ಬಂದು ಬಾಗಿಲ ಕೆಳಗಿನ ಸಂದಿಗೂ ಟವೆಲ್ ತುರುಕುತ್ತಿದ್ದೆ.

ನೀರು ಮೊದಲ ಸಲ ಹೆಪ್ಪುಗಟ್ಟಿದ ಶನಿವಾರ ಅವರು ಬಂದೇಬಿಟ್ಟರು. ನಾನು ಬಹುಮಾನದ ನಿರೀಕ್ಷೆಯಲ್ಲಿ ಪಕ್ಕಕ್ಕೆ ನಿಂತೆ. ಅವರು ಕೌದಿ ಸರಿಸಿ ಮುಚ್ಚಳ ಎತ್ತಿದರು. ಹೊರಹೋಗಲು ದಾರಿಯಿಲ್ಲದ ಮೊಲಗಳ ಉಸಿರೆಲ್ಲ ಮುಚ್ಚಳದ ಒಳಮೈಯಿಂದ ನೀರಾಗಿ ತೊಟತೊಟನೆ ಅವರ ತೋಳಿನ ಮೇಲೆ ಸುರಿಯಿತು. ಒಳಗೆ ಹುಲ್ಲೆಲ್ಲ ಒದ್ದೆ, ಮೂಗಿಗೆ ಅಡರುವ ವಾಸನೆ. ಬೆಲ್ಲ ಒಂದು ಸಲ ಸೀನಿತು.

"ಮೊಲ ಚಳಿಗೆ ಸಾಯುವುದಿಲ್ಲ, ಒದ್ದೆಗೆ ಸಾಯುತ್ತದೆ" ಎಂದರು ಫ್ರೌ ಕ್ಲೈನ್. ಆಮೇಲೆ ಬೆವರುತ್ತಿದ್ದ ನಮ್ಮ ಕಿಟಕಿಯ ಗಾಜುಗಳತ್ತ ಕತ್ತೆತ್ತಿ ನೋಡಿ ಮಹಡಿ ಹತ್ತಿದರು. ನಾವು ಹಿಂದೆ. ಮಲಗುವ ಕೋಣೆಯ ಬೀರು ಎಳೆದರೆ ಹಿಂದಿನ ಗೋಡೆಯ ತುಂಬ ಕಪ್ಪು ಬೂಷ್ಟು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಮೊಲಗಳ ಜೊತೆ ನಾವೂ ಗಂಟುಮೂಟೆ ಕಟ್ಟುವುದೇ ಎಂದುಕೊಂಡೆ.

"ಎರಡೂ ಮನೆಗಳ ಉಸ್ತುವಾರಿ ಒಬ್ಬರದ್ದೇ ಅಂತ ಗೊತ್ತಾಗುತ್ತದೆ" ಎಂದರು ಫ್ರೌ ಕ್ಲೈನ್.

ಆಗ ಮೇಘನಾ ನನ್ನ ಕೈ ಬಿಡಿಸಿಕೊಂಡು ಅವರೆದುರು ಹೋಗಿ ನಿಂತಳು. ಅಷ್ಟುದ್ದ ಜರ್ಮನ್ ಅವಳ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. "ಅಪ್ಪನಿಗೆ ಗೊತ್ತಿರಲಿಲ್ಲ. ಅವನು ಬಿಸಿಲಿನ ಊರಿನವನು. ನೀನು ಹೇಳಿಕೊಡು, ನಿಧಾನವಾಗಿ ಕಲಿಯುತ್ತಾನೆ. ನಾನೂ ನೋಡಿಕೊಳ್ಳುತ್ತೇನೆ" ಎಂದಳು. ನನ್ನನ್ನೇ ಸಾಕಲು ಅನುಮತಿ ಕೇಳಿದ ಹಾಗಿತ್ತು. ಫ್ರೌ ಕ್ಲೈನ್ ಮಂಚದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆ ದಿನವಿಡೀ ಆಕೆ ನಮ್ಮ ಜೊತೆಗಿದ್ದರು. ಪ್ಲಾಸ್ಟಿಕ್ ಕಿತ್ತೊಗೆದು, ಡ್ರಿಲ್ ತಂದು ಗಾಳಿ ನೇರ ಬಡಿಯದ ಕಡೆ ಗೂಡಿಗೆ ತೂತು ಕೊರೆದರು. ಮೊಣಕೈ ಮುಳುಗುವಷ್ಟು ಒಣಹುಲ್ಲು ತುಂಬಿಸಿದರು. ಗೋಡೆಯ ಬೂಷ್ಟನ್ನು ನನ್ನ ಕೈಯಲ್ಲೇ ಉಜ್ಜಿಸಿದರು, ಸುಜಾತಾ ಕೊಟ್ಟ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡರು. ನಮ್ಮವರೆನ್ನುವವರು ಒಬ್ಬರೂ ಇಲ್ಲದ ಆ ಊರಿನಲ್ಲಿ, ನಮ್ಮನ್ನು ಹೊರಗೆ ಹಾಕಬಹುದಾಗಿದ್ದ ದಿನ ಆಕೆ ಒಳಗೆ ಬಂದು ಕೂತು ಉಂಡರು. ಆ ಋಣ ತೀರಿಸುವ ದಾರಿ ನನಗೆ ಇಂದಿಗೂ ತಿಳಿದಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲೂ ಬೆಳಿಗ್ಗೆ ಚಹಾ ಕುದಿಯುವಷ್ಟು ಹೊತ್ತು ಕಿಟಕಿಗಳೆಲ್ಲ ಹಾರುಹೊಡೆದಿರುತ್ತಿದ್ದವು. ತಾಯಿ ಮಗಳು ಅದಕ್ಕೆ ಒಗ್ಗಿಕೊಂಡರು. ನಾನು ಮಾತ್ರ ಮೊಲಕ್ಕೆ ಕ್ಯಾರೆಟ್ ಕೊಡುವ ನೆಪದಲ್ಲಿ ತೋಟಕ್ಕೆ ಓಡಿ, ಬೆಲ್ಲದ ಹೊಟ್ಟೆಯ ಕೆಳಗೆ ಎರಡೂ ಕೈ ತೂರಿಸಿ ಕೂರುತ್ತಿದ್ದೆ. ಸುತ್ತ ಹಿಮ ಸುರಿದರೂ ಆ ತುಪ್ಪಳದೊಳಗೆ ಆಗಷ್ಟೇ ಹೆಂಚಿನಿಂದ ಇಳಿಸಿದ ರೊಟ್ಟಿಯ ಬಿಸಿ. ಒಂದು ದಿನ ಹೀಗೆ ಕಣ್ಣು ಮುಚ್ಚಿ ಕೂತಿದ್ದಾಗ ಮೇಲಿನ ಕಿಟಕಿಯಿಂದ ಮೇಘನಾ ಕಿರುಚಿದಳು: "ಅಪ್ಪಾ, ಕೈ ತೆಗಿ! ಅದು ನಡುಗಾಕತ್ತೈತಿ!"

ನೋಡಿದೆ, ಹೌದು. ಜರ್ಮನಿಯ ಇಡೀ ಚಳಿಗಾಲ ಸೇರಿ ಮಾಡಲಾಗದ್ದನ್ನು ನನ್ನ ಎರಡು ಕೈಗಳು ಮಾಡಿದ್ದವು.