ನನ್ನ ನ್ಯಾನೋ ಪೇಂಟು, ನಮ್ಮ ಭಾವ

ನಮ್ಮ ಭಾವನಷ್ಟು ದೊಡ್ಡ ವಿಜ್ಞಾನಿ ಹೊನ್ನಾವರ ತಾಲೂಕಿನಲ್ಲೇ ಇನ್ನೊಬ್ಬರಿಲ್ಲ. ಹೀಗೆಂದು ಹೇಳಿದವರು ಯಾರು ಅಂತೀರಾ? ಸ್ವತಃ ಅವರೇ! ಭಾವ ಎಂದರೆ ನನ್ನ ಅಕ್ಕನ ಗಂಡ. ಕುಮಟೆಯ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿ ಇಡೀ ಸರ್ವಿಸ್ ಕಳೆದವರು. ಅಷ್ಟು ವರ್ಷ ಗಾಜಿನ ನಳಿಗೆ ತೊಳೆದು ಅವರು ಕಂಡುಕೊಂಡ ಸತ್ಯ ಇಷ್ಟೇ: "ಪ್ರಯೋಗ ಮಾಡೂದು ಯಾರಾದ್ರೂ ಮಾಡ್ತಾರೆ. ಕೊನೆಗೆ ತೊಳೆಯೂದು ಯಾರು, ತೊಳೆದ ನೀರು ಹೋಗೂದು ಎಲ್ಲಿಗೆ, ಅದು ಕೇಳು ಮಾರಾಯಾ."

ನಾನು ಕೇಳಲಿಲ್ಲ. ನನಗೆ ಪೇಂಟಿನ ಅಂಗಡಿ. ಹೊನ್ನಾವರದ ಉಪ್ಪುಗಾಳಿ, ತುಕ್ಕು, ಮಳೆಗಾಲದ ಬೂಷ್ಟು ಎಲ್ಲ ಸೇರಿ ನನಗೆ ಅನ್ನ ಹಾಕುತ್ತವೆ. ಆ ಅನ್ನಕ್ಕೆ ಕಲ್ಲು ಹಾಕಲು ದೇವರು ಒಬ್ಬರನ್ನೇ ನೇಮಿಸಿದ್ದಾನೆ, ಅವರು ಯಾರೆಂದು ಬೇರೆ ಹೇಳಬೇಕೇ?

ಕಥೆ ಶುರುವಾದದ್ದು ಕಂಪನಿಯ ಮನುಷ್ಯ ಹೊಸ ಡಬ್ಬಿ ತಂದ ದಿನ. ದೋಣಿಯ ತಳಕ್ಕೆ ಹಚ್ಚುವ ನ್ಯಾನೋ ಪೇಂಟು! ನೀರಿನಲ್ಲಿ ನಿಂತ ದೋಣಿಯ ತಳಕ್ಕೆ ಚಿಪ್ಪಿನ ಹುಳುಗಳು ಅಂಟಿ ಬೆಳೆಯುತ್ತವೆ, ದೋಣಿ ಭಾರವಾಗಿ ಡೀಸೆಲ್ ಕುಡಿಯುತ್ತದೆ. ಈ ಪೇಂಟಿನಲ್ಲಿ ಕಣ್ಣಿಗೇ ಕಾಣದಷ್ಟು ಸಣ್ಣ ತಾಮ್ರದ ಕಣಗಳಿವೆ, ಒಂದು ಹುಳವೂ ಹತ್ತಿರ ಸುಳಿಯುವುದಿಲ್ಲ ಎಂದ. ಸುಳ್ಳಲ್ಲ, ಸುಳಿಯಲಿಲ್ಲ. ಹೊನ್ನಾವರದಿಂದ ಭಟ್ಕಳ ಬಂದರದವರೆಗೆ ದೋಣಿಯವರು ಮುಗಿಬಿದ್ದು ಕೊಂಡರು. ನನ್ನ ಅಂಗಡಿಗೆ ಹೊಸ ಬೋರ್ಡೂ ಬಂತು.

ನನ್ನ ಗ್ರಹಚಾರ ನೋಡಿ. ಭಾವ ನಿವೃತ್ತರಾಗುವ ಮುಂಚೆ ಅವರ ಕಾಲೇಜಿಗೆ ಯಾರೋ ಬಂದು ಈ ನ್ಯಾನೋ ಬಗ್ಗೆಯೇ ಭಾಷಣ ಮಾಡಿದ್ದರಂತೆ. ಹುಡುಗರು ಮೊಬೈಲು ನೋಡಿದರು, ಮೇಷ್ಟ್ರುಗಳು ತೂಕಡಿಸಿದರು. ಕೊನೆಯ ತನಕ ಕಿವಿಗೊಟ್ಟು ಕೇಳಿದವರು ಚಹಾ ತಂದಿಟ್ಟ ನಮ್ಮ ಭಾವ ಒಬ್ಬರೇ! ಅಂದಿನಿಂದ ಅವರ ತಲೆಯಲ್ಲಿ ಆ ಕಣ ಕೂತಿದೆ. ಎಷ್ಟು ಸಣ್ಣದೆಂದರೆ ಸೋಸಿದರೆ ಸಿಗುವುದಿಲ್ಲ, ಕುದಿಸಿದರೆ ಹೋಗುವುದಿಲ್ಲ, ಮೈಯೊಳಗೆ ಹೊಕ್ಕರೆ ಏನು ಮಾಡುತ್ತದೆಂದು ಬಲ್ಲವರಿಗೂ ಪೂರ್ತಿ ಗೊತ್ತಿಲ್ಲ.

ದಿನಾ ಬೆಳಿಗ್ಗೆ ಅಂಗಡಿಗೆ ಬಂದು ಗಿರಾಕಿಗಳ ಕುರ್ಚಿಯಲ್ಲೇ ಕೂರತೊಡಗಿದರು. ಯಾರಾದರೂ ಡಬ್ಬಿ ಕೈಗೆತ್ತಿಕೊಂಡು, "ಇದು ಒಳ್ಳೇದನಾ?" ಎಂದರೆ ನನಗಿಂತ ಮೊದಲು ಉತ್ತರ ಅವರದು.

"ಭಾಳ ಒಳ್ಳೇದು. ಹಚ್ಚಿದ್ರೆ ನಿನ್ನ ದೋಣಿಗೆ ಒಂದು ಚಿಪ್ಪೂ ಹಿಡಿಯೂದಿಲ್ಲ. ಹೊಳೆಯಲ್ಲೂ ಒಂದು ಚಿಪ್ಪು ಉಳಿಯೂದಿಲ್ಲ."

"ಅಂದ್ರೆ ಎಂತಾ?"

"ಹಳೇ ಪೇಂಟ್ ಎಲ್ಲಿ ಕೆರೀತೆ ನೀನು? ಹೊಳೆ ದಂಡೆ ಮೇಲೆ. ಆ ಪುಡಿ ಎಲ್ಲಿಗೆ ಹೋಗೂದು, ನಿನ್ನ ಮಾವನ ಮನೆಗಾ?"

ಗಿರಾಕಿ ನಗುತ್ತಿದ್ದ. ನಕ್ಕು ಡಬ್ಬಿ ಕೊಂಡೇ ಹೋಗುತ್ತಿದ್ದ, ಆ ಮಾತು ಬೇರೆ. ಆದರೂ ಅಂಗಡಿಯಲ್ಲಿ ಕೂತು ಅಂಗಡಿಯನ್ನೇ ಬೈಯುವ ನೆಂಟರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಬಾಯಿಮಾತು ನಡೆಯದಿದ್ದಾಗ ಪ್ರಯೋಗ ಶುರುಮಾಡಿದರು. ದೋಣಿ ನಿಲ್ಲುವ ಹಳೇ ಜೆಟ್ಟಿಯ ಕಂಬಕ್ಕೆ ಎರಡು ಹಲಗೆ ಕಟ್ಟಿ ನೀರಿಗೆ ಇಳಿಬಿಟ್ಟರು. ಒಂದಕ್ಕೆ ನನ್ನ ಪೇಂಟು, ಅದೂ ಪುಕ್ಕಟೆ ನನ್ನ ಅಂಗಡಿಯದೇ! ಇನ್ನೊಂದು ಬರೀ ಹಲಗೆ. ದಿನಾ ಸಮುದ್ರದ ಇಳಿತಕ್ಕೆ ಹೊಳೆಯ ನೀರು ಇಳಿದಾಗ ಹೋಗಿ, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ಬರುತ್ತಿದ್ದರು. ಮೂರು ತಿಂಗಳಾಯಿತು. ಬರೀ ಹಲಗೆಯ ತುಂಬ ಚಿಪ್ಪು, ಪೇಂಟಿನ ಹಲಗೆ ಚೊಕ್ಕ. ಇನ್ನು ಹಲಗೆಯ ಸುತ್ತಲ ಕೆಸರು ತೆಗೆದು ನೋಡಬೇಕು ಎನ್ನುವಷ್ಟರಲ್ಲಿ ಪೇಂಟಿನ ಹಲಗೆಯೇ ಮಾಯ! ಊರೆಲ್ಲ ಹುಡುಕಿದಾಗ ಅದು ಸಿಕ್ಕಿದ್ದು ಯಾರದೋ ಪಾಯಖಾನೆಯ ಬಾಗಿಲಲ್ಲಿ. ಚೊಕ್ಕ ಇದ್ದದ್ದೇ ಅದರ ತಪ್ಪು. ಭಾವ ಬಿಟ್ಟಾರೆಯೇ? ಭೂತಗನ್ನಡಿ ಹಿಡಿದು ಆ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒಳಗಿದ್ದ ಮನೆಯ ಯಜಮಾನರು ಹೊರಬಂದು ಏನೆಂದರು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆಮೇಲೆ ಎರಡು ಬಾಟಲಿ, ಒಂದರಲ್ಲಿ ಹೊಳೆಯ ನೀರು, ಇನ್ನೊಂದರಲ್ಲಿ ಕೆಸರು, ಹಿಡಿದುಕೊಂಡು ನೀರು ಪರೀಕ್ಷೆ ಮಾಡುವ ಯಾವುದೋ ದೊಡ್ಡ ಕಚೇರಿಗೆ ಹೋದರು. ಮೂರು ಸಲ ಬಸ್ಸು ಹತ್ತಿದರು. ಮೂರನೇ ಸಲ ಬಂದವರು ನನ್ನ ಕುರ್ಚಿಯಲ್ಲಿ ಕೂತು ಎರಡೂ ಬಾಟಲಿ ಮೇಜಿನ ಮೇಲಿಟ್ಟರು.

"ಎಂತಾ ಹೇಳಿದ್ರು ಭಾವಾ?"

"ಅಷ್ಟು ಸಣ್ಣದು ಅಳೆಯೂ ಮಷಿನ್ ಅವ್ರ ಹತ್ರ ಇಲ್ಲಂತೆ."

"ಹಂಗಾರೆ?"

"ಮಷಿನಿಗೆ ಕಾಣೂದಿಲ್ಲ ಅಂದ್ರೆ ಇಲ್ಲ ಅಂತ್ಲೇ ಲೆಕ್ಕ ಅಂದ್ರು. ಆತು, ಹೋಗಿ ಬನ್ನಿ ಅಂದ್ರು."

ನಾನು ಗಟ್ಟಿಯಾಗಿ ನಕ್ಕೆ. ಆ ನಗು ನೆನೆದರೆ ಈಗ ನನಗೇ ಅಸಹ್ಯವಾಗುತ್ತದೆ.

ಏಕೆಂದರೆ ಭಾವ ಹೇಳುವುದು ನಿಜವೆಂದು ನನಗೆ ಗೊತ್ತಿತ್ತು. ನನ್ನ ಅಕ್ಕ ಇಷ್ಟು ವರ್ಷ ನೀರು ಇಳಿದಾಗ ಮೊಣಕಾಲುದ್ದ ಕೆಸರಿಗಿಳಿದು ಬಳಚು ಎಂಬ ತಿನ್ನುವ ಚಿಪ್ಪು ಹೆಕ್ಕಿ ಪೇಟೆಯಲ್ಲಿ ಮಾರಿದವಳು. ಅವಳು ಇಳಿಯುವ ಜಾಗಕ್ಕೂ ದೋಣಿಗಳ ತಳ ಕೆರೆಯುವ ದಂಡೆಗೂ ಒಂದು ಕೂಗಿನ ದೂರವೂ ಇಲ್ಲ. ಬುಟ್ಟಿ ತುಂಬುತ್ತಿದ್ದ ಚಿಪ್ಪು ಅರ್ಧವಾಯಿತು, ಆಮೇಲೆ ಒಂದು ಬೊಗಸೆಗೆ ಬಂತು. ಮಾರಲು ಏನೂ ಉಳಿಯಲಿಲ್ಲ, ಮನೆಯ ಅಡುಗೆಗೆ ಸಾಕು ಅಷ್ಟೇ. ನಾನು ಮರಳು ತೆಗೆಯುವವರನ್ನು ಬೈದೆ, ಮೇಲಿಂದ ಬಂದು ಹೊಳೆಯ ಉಪ್ಪು ಕಡಿಮೆ ಮಾಡುವ ಸಿಹಿನೀರನ್ನು ಬೈದೆ, ಬಿಸಿಲನ್ನು ಬೈದೆ. ನನ್ನ ಡಬ್ಬಿಯೊಂದನ್ನು ಬಿಟ್ಟು ಲೋಕದಲ್ಲಿರುವ ಎಲ್ಲವನ್ನೂ ಬೈದೆ.

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಬಾಗಿಲಿಗೇ ತೆಂಗಿನಕಾಯಿ ಹಾಕಿ ಹುರಿದ ಬಳಚಿನ ಸುಕ್ಕದ ಪರಿಮಳ. ಊಟಕ್ಕೆ ಕೂತೆವು. ಭಾವನ ತಟ್ಟೆಗೆ ಮಾತ್ರ ಸುಕ್ಕ ಬಿತ್ತು. ನನಗೆ ಅನ್ನ, ಸಾರು, ಉಪ್ಪಿನಕಾಯಿ.

"ನಂಗೆ ಬಳಚಿಲ್ವನೇ ಅಕ್ಕಾ?"

"ನಿಂಗೆ ನಾಳೆ," ಎಂದರು ಭಾವ, ತಲೆ ಎತ್ತದೆ.

ನನಗೆ ನಾಚಿಕೆಯಾದಾಗೆಲ್ಲ ಬರುವುದು ಸಿಟ್ಟೇ. "ನಾ ಪೇಂಟ್ ಮಾರ್ತೆ ಅಂತ ಅಕ್ಕನ ಮನೆಯಲ್ಲಿ ಊಟಕ್ಕೂ ಬಹಿಷ್ಕಾರನಾ?" ಎಂದು ಎದ್ದುಬಿಟ್ಟೆ.

ಅಕ್ಕ ಹಿತ್ತಲಿಗೆ ಕರೆದುಕೊಂಡು ಹೋದಳು. "ಸಿಟ್ಟು ಮಾಡ್ಬೇಡ ತಮಾ. ನಂಗೂ ನಾಳೆನೇ. ಬಳಚು ತಂದ ದಿನ ಎಲ್ಲ ಹಿಂಗೇ. ಮೊದ್ಲು ಅವ್ರು ತಿನ್ನೂದು. ಒಂದು ದಿನ ಕಾಯೂದು. ಅವ್ರಿಗೆ ಎಂತಾ ಆಗ್ಲಿಲ್ಲ ಅಂದ್ರೆ ಉಳಿದದ್ದು ನಾವು ತಿನ್ನೂದು. ಬೇಡ ಅಂದ್ರೆ ಕೇಳೂದಿಲ್ಲ. ನನ್ನ ಆಯುಷ್ಯ ಆತು, ನಿಮ್ದು ಇನ್ನೂ ಉಂಟು ಅಂತಾರೆ."

ಒಳಗೆ ಬಂದೆ. ಭಾವ ಒಂದೊಂದೇ ಚಿಪ್ಪು ಬಿಡಿಸಿ ಶ್ರದ್ಧೆಯಿಂದ ತಿನ್ನುತ್ತಿದ್ದರು. ನಾನು ಅವರ ಪಕ್ಕದಲ್ಲೇ ಕೂತೆ.

"ಭಾವಾ, ಅದು ಒಂದು ದಿನದಲ್ಲಿ ಗೊತ್ತಾಗೂ ವಿಷ ಅಲ್ಲ. ನೀವೇ ಹೇಳಿದ್ರಿ."

"ಗೊತ್ತುಂಟು ಮಾರಾಯಾ," ಎಂದರು. "ಮತ್ತೆ ನಾ ಎಂತಾ ಮಾಡ್ಲಿ, ನೀನೇ ಹೇಳು."

ಅವರ ತಟ್ಟೆಗೇ ಕೈ ಹಾಕಿದೆ. ಫಟ್ಟನೆ ಹೊಡೆದರು! ಎರಡು ಮಕ್ಕಳ ತಂದೆಯಾದ ನನ್ನ ಕೈ ಕೆಂಪಾಯಿತು.

"ತೆಗಿ ಕೈ! ಮನೆಯಲ್ಲಿ ಸಣ್ಣ ಮಕ್ಕಳವೆ ನಿಂಗೆ."

ಮರುದಿನ ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವಾಗಲೇ ದೋಣಿಯವರೊಬ್ಬರು ಕಾಯುತ್ತಿದ್ದರು. ಅದೇ ಪೇಂಟು ಬೇಕಿತ್ತು, ಎರಡು ಡಬ್ಬಿ. ತೆಗೆಯಲು ಹೋಗುವಷ್ಟರಲ್ಲಿ ಫೋನು ಬಂತು.

"ಎಂತಾ ಆಗ್ಲಿಲ್ಲ ಮಾರಾಯಾ, ಜೀವ ಗಟ್ಟಿ ಉಂಟು," ಭಾವನ ಧ್ವನಿ. "ನಿನ್ನ ಪಾಲು ಅಕ್ಕ ಬಿಸಿ ಮಾಡಿಟ್ಟಿದ್ದಾಳೆ. ಬಿಸಿ ಇದ್ದಾಗ್ಲೇ ಬಾ, ಉಂಡ್ಕಂಡು ಹೋಗು."

ಕಣ್ಣೊರೆಸಿಕೊಂಡು ಗಿರಾಕಿಯ ಕಡೆ ತಿರುಗಿದೆ. "ಸ್ಟಾಕ್ ಇಲ್ಲ," ಎಂದೆ.

ಅವರು ನನ್ನ ಬೆನ್ನ ಹಿಂದಿನ ಕಪಾಟನ್ನು ನೋಡಿದರು. "ಅಲ್ಲಿ ಸಾಲಾಗಿ ಕಾಣ್ತಾ ಉಂಟಲ್ಲ?"

"ಅದು ಮಾರೂದಲ್ಲ," ಎಂದು ಷಟರ್ ಕೆಳಗೆಳೆದು ಅಕ್ಕನ ಮನೆಯ ದಾರಿ ಹಿಡಿದೆ.